ಪದವಿ ಕಳೆದುಕೊಂಡ ಪದ: ಇಂಗ್ಲಿಷಿನ ‘ಸ್ಮಿಯರ್’

ಜಿಡ್ಡಾದುದನ್ನು ಸವರುವುದು, ಬಳಿದು ಮಲಿನಗೊಳಿಸುವುದು, ಒಬ್ಬರ ಹೆಸರಿಗೆ ಕಳಂಕ ಹಚ್ಚುವುದು: ಇವು ಇಂಗ್ಲಿಷಿನ ‘ಸ್ಮಿಯರ್’ ಪದಕ್ಕೆ ಇಂದು ಸಲ್ಲುವ ಅರ್ಥಗಳು. ಆದರೆ ಪದದ ಮೂಲದಲ್ಲಿ ಮಾಲಿನ್ಯದ ಸೂಚನೆಯಿಲ್ಲ. ಹಳೆಯ ಇಂಗ್ಲಿಷಿನ ‘ಸ್ಮೆಯೊರು’ ಎಂದರೆ ಕೊಬ್ಬು, ಜಿಡ್ಡು. ಅದೇ ಜರ್ಮಾನಿಕ್ ಮೂಲದ ಪದ ಡೇನಿಷ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ಇಂದಿಗೂ ಬೆಣ್ಣೆಯ ಹೆಸರಾಗಿದೆ.

ಸುಮಾರು 990ರ ಪಶ್ಚಿಮ ಸ್ಯಾಕ್ಸನ್ ಸುವಾರ್ತೆಗಳಲ್ಲಿ ಮರಿಯಳು ಯೇಸುವಿನ ಪಾದಗಳಿಗೆ ಸುಗಂಧತೈಲ ಹಚ್ಚುವ ಪ್ರಸಂಗಕ್ಕೆ ಈ ಧಾತುವಿನ ಕ್ರಿಯಾಪದವೇ ಬಳಕೆಯಾಗಿದೆ. ಆ ಕಾಲದಲ್ಲಿ ದೇಶೀಯ ಪದಕ್ಕೆ ಪವಿತ್ರಲೇಪನವನ್ನು ಹೇಳುವ ಅಧಿಕಾರವಿತ್ತು. 1066ರ ನಾರ್ಮನ್ ವಿಜಯದ ತರುವಾಯ ಆಸ್ಥಾನದಲ್ಲಿ ಫ್ರೆಂಚ್, ಧರ್ಮಪೀಠದಲ್ಲಿ ಲ್ಯಾಟಿನ್ ಮೇಲುಗೈ ಪಡೆದವು. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ‘ಅನಾಯಿಂಟ್’ 14ನೆಯ ಶತಮಾನದ ವಿಕ್ಲಿಫ್ ಬೈಬಲ್ಲಿನಲ್ಲಿ ನೆಲೆಗೊಂಡಿತು. 1611ರ ಜೇಮ್ಸ್ ದೊರೆಯ ಬೈಬಲ್ಲಿನಲ್ಲಿಯೂ ಅದೇ ಉಳಿಯಿತು. ಅಭಿಷೇಕವು ಪರಭಾಷೆಯ ಪದಕ್ಕೆ ಸಂದಿತು. ದೇಶೀಯ ಪದಕ್ಕೆ ಉಳಿದದ್ದು ಜಿಡ್ಡು ಮತ್ತು ಕೊಳೆ. 20ನೆಯ ಶತಮಾನದ ರಾಜಕಾರಣದಲ್ಲಿ ಅದು ತೇಜೋವಧೆಯ ಹೆಸರಾಯಿತು. ಗಾಜಿನ ಪಟ್ಟಿಯ ಮೇಲೆ ರಕ್ತವನ್ನೋ ಕಫವನ್ನೋ ಸವರಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮಾತ್ರ ಅದರ ನಿಷ್ಕಳಂಕ ಅರ್ಥ ಉಳಿದಿದೆ.

ಕನ್ನಡದಲ್ಲಿ ಈ ಅರ್ಥಭಾರ ಬೇರೆ ಬಗೆಯಲ್ಲಿ ಹಂಚಿಕೆಯಾಗಿದೆ. ‘ಬಳಿ’ ಎಂಬ ಕ್ರಿಯಾಪದ ತಾನಾಗಿ ನಿಂದೆಯಲ್ಲ: ಗೋಡೆಗೆ ಸುಣ್ಣ ಬಳಿಯುವುದು ಹಬ್ಬದ ಸಡಗರ, ಮುಖಕ್ಕೆ ಮಸಿ ಬಳಿಯುವುದು ಅವಮಾನ. ಕಳಂಕವಿರುವುದು ಮಸಿಯಲ್ಲಿ, ಕ್ರಿಯೆಯಲ್ಲಲ್ಲ. ಆದರೆ ಪದವಿಚ್ಯುತಿ ಕನ್ನಡಕ್ಕೂ ಅಪರಿಚಿತವಲ್ಲ. ಹಳಗನ್ನಡದಲ್ಲಿ ಲೇಪಿಸು ಎಂಬರ್ಥದ ‘ಪೂಸು’ ಸಹಜವಾಗಿತ್ತು. ಪಕಾರವು ಹಕಾರವಾದ ಬಳಿಕದ ‘ಹೂಸು’ ಎಂಬ ರೂಪ ಇಂದಿನ ಆಡುಮಾತಿನಲ್ಲಿ ಅಪಾನವಾಯುವನ್ನಷ್ಟೇ ಸೂಚಿಸುತ್ತದೆ. ಗಂಭೀರ ಸಂದರ್ಭಗಳಿಗೆ ಸಂಸ್ಕೃತದ ‘ಲೇಪನ’ ಒದಗುತ್ತದೆ. ತಮಿಳಿನಲ್ಲಿ ಅರಿಸಿನಕ್ಕೂ ಮಲಯಾಳದಲ್ಲಿ ಭಸ್ಮಕ್ಕೂ ಅದೇ ಧಾತು ಇಂದಿಗೂ ಗೌರವದಿಂದ ಸಲ್ಲುತ್ತಿದೆ. ತಾಳವಾಡಿಯ, ಕಾಸರಗೋಡಿನ ಕನ್ನಡಿಗರಿಗೆ ಹಳಗನ್ನಡದ ಆ ಪದ ನೆರೆಯ ನುಡಿಯಲ್ಲಿ ಕೇಳಿಸುತ್ತದೆ.

ಭಾಷೆಯ ಹಿಂಜರಿತವನ್ನು ಅಳಿದುಹೋದ ಪದಗಳ ಎಣಿಕೆಯಿಂದ ಮಾತ್ರ ಅಳೆಯುವುದು ಸಾಲದೆಂಬುದನ್ನು ‘ಸ್ಮಿಯರ್’ ಚರಿತ್ರೆ ತೋರಿಸುತ್ತದೆ. ಆ ಪದ ಸಾಯಲಿಲ್ಲ. ಗುಡಿಯಿಂದ ಹೊರಬಂದು ಬೀದಿಯಲ್ಲಿ ಬದುಕಿತು. ಗಡಿನಾಡಿನ ಕನ್ನಡವನ್ನು ಸಮೀಕ್ಷಿಸುವಾಗಲೂ ಯಾವ ಪದ ಉಳಿದಿದೆ ಎಂಬುದರ ಜೊತೆಗೆ ಅದು ಪೂಜೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಉಳಿದಿದೆಯೋ ಅಥವಾ ಅಡುಗೆಮನೆಗೂ ಬೈಗುಳಕ್ಕೂ ಸೀಮಿತವಾಗಿದೆಯೋ ಎಂಬುದು ದಾಖಲಾಗಬೇಕು.