ಮುಖಕ್ಕೆ ತೀವ್ರ ಪೆಟ್ಟಾದಾಗ ಕತ್ತಿಗೆ ರಂಧ್ರ ಮಾಡಿದರೆ ಧ್ವನಿ ಶಾಶ್ವತವಾಗಿ ಹೋಗುತ್ತದೆಯೇ?

ಅಪಘಾತದಲ್ಲಿ ಮುಖದ ಮೂಳೆಗಳು ಮುರಿದವರನ್ನು ಆಪರೇಷನ್‌ಗೆ ಸಿದ್ಧಪಡಿಸುವಾಗ ವೈದ್ಯರು ಕೆಲವೊಮ್ಮೆ ಮನೆಯವರನ್ನು ಕರೆದು, ‘ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟದ ಟ್ಯೂಬ್ ಹಾಕಬೇಕಾಗಬಹುದು, ಸಹಿ ಮಾಡಿ’ ಎನ್ನುತ್ತಾರೆ. ಆಗ ‘ಗಂಟಲಿಗೆ ತೂತು ಮಾಡಿದರೆ ಮತ್ತೆ ಮಾತು ಬರುವುದಿಲ್ಲ’, ‘ಅದು ಕೊನೆಯ ಹಂತದವರಿಗೆ ಮಾಡುವುದು’ ಎಂದು ಹೆದರಿಸುವವರೂ ಇರುತ್ತಾರೆ. ಇದರಲ್ಲಿ ನಿಜವೆಷ್ಟು? ನೋಡೋಣ.

ಟ್ಯೂಬ್ ಏಕೆ ಬೇಕು?

ಸಂಪೂರ್ಣ ಅರಿವಳಿಕೆ ಕೊಟ್ಟಾಗ ಸ್ನಾಯುಗಳು ಸಡಿಲಗೊಳ್ಳುತ್ತವೆ, ರೋಗಿ ತಾನಾಗಿ ಉಸಿರಾಡುವುದು ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಆದ್ದರಿಂದ ಅರಿವಳಿಕೆ ತಜ್ಞರು ಶ್ವಾಸನಾಳದೊಳಗೆ ಟ್ಯೂಬ್ ಇಳಿಸಿ ಯಂತ್ರದ ಮೂಲಕ ಉಸಿರಾಟ ನಡೆಸುತ್ತಾರೆ. ರಕ್ತ, ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದೂ ಈ ಟ್ಯೂಬ್‌ನ ಕೆಲಸ. ಸಾಮಾನ್ಯವಾಗಿ ಅದನ್ನು ಬಾಯಿಯ ಮೂಲಕ ಹಾಕುತ್ತಾರೆ.

ಮುಖದ ಗಾಯದಲ್ಲಿ ಬಾಯಿ, ಮೂಗು ಏಕೆ ಸಾಲುವುದಿಲ್ಲ?

ಮುರಿದ ದವಡೆಯನ್ನು ಸರಿಯಾಗಿ ಕೂರಿಸಲು ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆಯೇ ಕಚ್ಚಿಕೊಳ್ಳಬೇಕು. ಇದಕ್ಕಾಗಿ ಶಸ್ತ್ರಚಿಕಿತ್ಸಕರು ಎರಡೂ ದವಡೆಗಳನ್ನು ತಂತಿಯಿಂದ ಸೇರಿಸಿ ಕಟ್ಟುತ್ತಾರೆ. ಹಲ್ಲುಗಳ ನಡುವೆ ಟ್ಯೂಬ್ ಇದ್ದರೆ ಬಾಯಿ ಮುಚ್ಚುವುದಿಲ್ಲ.

ಹಾಗಾದರೆ ಮೂಗಿನ ಮೂಲಕ ಹಾಕಬಹುದಲ್ಲ? ಬರೀ ಕೆಳದವಡೆ ಮುರಿದಿದ್ದರೆ ಹೆಚ್ಚಾಗಿ ಹಾಗೆಯೇ ಮಾಡುತ್ತಾರೆ. ಆದರೆ ಮೂಗಿನ ಮೂಳೆಯೂ ಮುರಿದಿದ್ದರೆ ಅಲ್ಲಿ ಟ್ಯೂಬ್ ಇಟ್ಟುಕೊಂಡು ಅದನ್ನು ಸರಿಪಡಿಸಲು ಆಗುವುದಿಲ್ಲ. ತಲೆಬುರುಡೆಯ ತಳ ಒಡೆದಿದ್ದರೆ ಅಪಾಯ ಇನ್ನೂ ದೊಡ್ಡದು. ಮೂಗಿನಿಂದ ಹಾಕಿದ ಟ್ಯೂಬ್ ದಾರಿ ತಪ್ಪಿ ತಲೆಬುರುಡೆಯೊಳಗೆ ಹೋದ ಪ್ರಕರಣಗಳು, ಅಪರೂಪವಾದರೂ, ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಬೇರೆ ದಾರಿಗಳು ಯಾವುವು?

*ಕೊನೆಯ ದವಡೆ ಹಲ್ಲಿನ ಹಿಂದೆ:* ಅಲ್ಲಿ ಸಾಕಷ್ಟು ಜಾಗವಿದ್ದರೆ ಬಾಯಿಯ ಟ್ಯೂಬನ್ನೇ ಆ ಸಂದಿಗೆ ಸರಿಸುತ್ತಾರೆ. ಯಾವ ಕೊಯ್ತವೂ ಬೇಕಿಲ್ಲ.

*ಗದ್ದದ ಕೆಳಗಿನಿಂದ:* ಇದಕ್ಕೆ ಸಬ್‌ಮೆಂಟಲ್ ಇಂಟ್ಯುಬೇಶನ್ ಎನ್ನುತ್ತಾರೆ. ಮೊದಲು ಟ್ಯೂಬನ್ನು ಬಾಯಿಯಿಂದಲೇ ಶ್ವಾಸನಾಳಕ್ಕೆ ಇಳಿಸಿ, ಆಮೇಲೆ ಗದ್ದದ ಕೆಳಗೆ ಸುಮಾರು 2 ಸೆಂ.ಮೀ. ಕೊಯ್ದು, ಟ್ಯೂಬ್‌ನ ಹೊರತುದಿಯನ್ನು ಆ ದಾರಿಯಲ್ಲಿ ಹೊರತೆಗೆಯುತ್ತಾರೆ. ಬಾಯಿ, ಮೂಗು ಎರಡೂ ಖಾಲಿಯಾಗುತ್ತವೆ. ಆಪರೇಷನ್ ಮುಗಿದ ಮೇಲೆ ಹೊಲಿಗೆ ಹಾಕುತ್ತಾರೆ; ಉಳಿಯುವ ಗುರುತು ಗದ್ದದ ಅಡಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸ್ಪೇನ್‌ನ ಶಸ್ತ್ರಚಿಕಿತ್ಸಕ ಫ್ರಾನ್ಸಿಸ್ಕೊ ಹರ್ನಾಂಡೆಸ್ ಆಲ್ಟೆಮಿರ್ 1986ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

*ಕತ್ತಿನ ಮೂಲಕ:* ಇದು ಟ್ರಾಕಿಯೋಸ್ಟಮಿ. ತಲೆಗೂ ಪೆಟ್ಟಾಗಿ ಹಲವು ದಿನ ವೆಂಟಿಲೇಟರ್ ಬೇಕಾಗುವವರಿಗೆ, ಊತ ಬೇಗ ಇಳಿಯದವರಿಗೆ, ಬಾಯಿಯಿಂದ ಟ್ಯೂಬ್ ಹಾಕಲು ಸಾಧ್ಯವೇ ಇಲ್ಲದವರಿಗೆ ಇದು ಹೆಚ್ಚು ಸೂಕ್ತ.

ಹಾಗಾದರೆ ಧ್ವನಿ?

ಟ್ರಾಕಿಯೋಸ್ಟಮಿಯ ರಂಧ್ರ ಧ್ವನಿಪೆಟ್ಟಿಗೆಯ ಕೆಳಗೆ ಇರುತ್ತದೆ. ನಾವು ಬಿಡುವ ಉಸಿರು ಧ್ವನಿತಂತುಗಳನ್ನು ತಟ್ಟಿದರೆ ಮಾತ್ರ ಮಾತು ಹೊರಡುತ್ತದೆ. ಟ್ಯೂಬ್ ಇರುವಾಗ ಗಾಳಿ ಕೆಳಗಿನಿಂದಲೇ ಹೊರಹೋಗುವುದರಿಂದ ಮಾತು ನಿಲ್ಲುತ್ತದೆ. ಧ್ವನಿತಂತು ಅಲ್ಲೇ ಇರುತ್ತದೆ, ಅದನ್ನು ತೆಗೆದಿರುವುದಿಲ್ಲ. ಟ್ಯೂಬ್ ತೆಗೆದ ಮೇಲೆ ಹೆಚ್ಚಿನವರಲ್ಲಿ ಧ್ವನಿ ಮರಳುತ್ತದೆ. ರಂಧ್ರ ಸಾಮಾನ್ಯವಾಗಿ ಕೆಲವು ದಿನಗಳಿಂದ ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಗಂಟಲ ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವ ಆಪರೇಷನ್ ಬೇರೆ. ಅದರಲ್ಲಿ ಕತ್ತಿನ ರಂಧ್ರವೂ ಸಹಜ ಧ್ವನಿಯ ನಷ್ಟವೂ ಶಾಶ್ವತ. ಎರಡನ್ನೂ ಒಂದೇ ಎಂದುಕೊಳ್ಳುವುದು ತಪ್ಪು.

ಅಪಾಯವೇ ಇಲ್ಲ ಎಂದೇನೂ ಅಲ್ಲ. ರಕ್ತಸ್ರಾವ, ಸೋಂಕು, ಕಫ ಕಟ್ಟಿ ಟ್ಯೂಬ್ ಮುಚ್ಚುವುದು, ಮುಂದೆ ಶ್ವಾಸನಾಳ ಕಿರಿದಾಗುವುದು ಇವೆಲ್ಲ ಸಾಧ್ಯ. ಆದರೆ ಉಸಿರಿನ ದಾರಿಯೇ ಮುಚ್ಚುತ್ತಿರುವಾಗ ಸಹಿ ಹಾಕಲು ಗಂಟೆಗಟ್ಟಲೆ ಹಿಂದೇಟು ಹಾಕಿದರೆ ಜೀವಕ್ಕೇ ಅಪಾಯ.

ವೈದ್ಯರನ್ನು ಏನು ಕೇಳಬೇಕು?

- ಬಾಯಿ ಅಥವಾ ಮೂಗಿನ ದಾರಿ ಇವರಿಗೆ ಏಕೆ ಆಗುವುದಿಲ್ಲ?
- ಗದ್ದದ ಕೆಳಗಿನ ದಾರಿ ಸಾಧ್ಯವೇ?
- ಟ್ಯೂಬ್ ಅಂದಾಜು ಎಷ್ಟು ದಿನ ಇರಬೇಕು?
- ದವಡೆ ಕಟ್ಟಿರುವಾಗ ವಾಂತಿ ಬಂದರೆ ಏನು ಮಾಡಬೇಕು? (ತಂತಿ ಕಟ್ಟಿದ್ದರೆ, ಅದನ್ನು ಕತ್ತರಿಸುವ ಸಾಧನ ಹಾಸಿಗೆಯ ಪಕ್ಕದಲ್ಲೇ ಇರಬೇಕು.)

ಅಪಘಾತದ ಸ್ಥಳದಲ್ಲಿ

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮುಖಕ್ಕೆ ಪೆಟ್ಟಾದವರು ಎಚ್ಚರವಿದ್ದು, ಮುಂದಕ್ಕೆ ಬಾಗಿ ಕೂತು ರಕ್ತ ಉಗುಳುತ್ತಿದ್ದರೆ ಬಲವಂತವಾಗಿ ಅಂಗಾತ ಮಲಗಿಸಬೇಡಿ. ನಾಲಿಗೆ, ರಕ್ತ ಹಿಂದಕ್ಕೆ ಸರಿದು ಉಸಿರು ಕಟ್ಟಬಹುದು. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವವರ ಬಾಯಲ್ಲಿ ರಕ್ತ ತುಂಬುತ್ತಿದ್ದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಪಕ್ಕಕ್ಕೆ ಹೊರಳಿಸಿ. ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ‘ಕತ್ತಿಗೆ ರಂಧ್ರ ಮಾಡಿದರೆ ಮಾತು ಶಾಶ್ವತವಾಗಿ ಹೋಗುತ್ತದೆ’ ಎಂಬುದು ತಪ್ಪು. ಮುಖದ ಗಾಯದ ಚಿಕಿತ್ಸೆಯಲ್ಲಿ ಅದು ಬಹುತೇಕ ತಾತ್ಕಾಲಿಕ ದಾರಿ. ಸಂದೇಹವಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿ.