ಗಾಲಿಬ್ ಹಂಚಿದ ಪುಸ್ತಕ, ಗಾಲಿಬ್ ಬೇಡವೆಂದ ಪುಸ್ತಕ

ಪುಸ್ತಕ ಬರೆದು ಕೊಟ್ಟರೆ ಲೇಖಕನ ಕೆಲಸ ಮುಗಿಯಿತೆಂದು ಈಗ ಯಾರೂ ನಂಬುವುದಿಲ್ಲ. ಮುಖಪುಟವನ್ನು ಫೇಸ್‌ಬುಕ್‌ಗೆ ಹಾಕಬೇಕು, ಆಹ್ವಾನವನ್ನು ವಾಟ್ಸಾಪ್ ಗುಂಪುಗಳಿಗೆ ಕಳಿಸಬೇಕು, ಯಾರಾದರೂ ಎರಡು ಒಳ್ಳೆಯ ಮಾತಾಡಿದರೆ ಅದನ್ನೂ ಹಂಚಬೇಕು. ಹಿಂದಿನವರು ಹೀಗಿರಲಿಲ್ಲ ಎಂಬ ಗೊಣಗಾಟವೂ ಜೊತೆಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ.

1857ರ ದಂಗೆ ಅಡಗಿದಾಗ ದೆಹಲಿಯಲ್ಲಿದ್ದ ಮಿರ್ಜಾ ಗಾಲಿಬ್ (1797-1869) ಅವರ ಕೈ ಬರಿದಾಗಿತ್ತು. ಅರಮನೆಯ ಸಂಬಳ ಬಾದಶಹನೊಂದಿಗೇ ಹೋಯಿತು. ಇಂಗ್ಲಿಷರು ಕೊಡುತ್ತಿದ್ದ ಪಿಂಚಣಿ ನಿಂತಿತು. ಬಾದಶಹನ ಕವಿಗುರು ಎಂಬ ಸಂಶಯ ಬೇರೆ. ಆಗ ಅವರು ಅರಬಿ ಪದಗಳನ್ನು ಆದಷ್ಟು ದೂರವಿಟ್ಟು ಫಾರಸಿ ಗದ್ಯದಲ್ಲಿ ಆ ದಿನಗಳ ಕಥನ ‘ದಸ್ತಂಬೂ’ ಬರೆದರು. ವಿಕ್ಟೋರಿಯಾ ರಾಣಿಯನ್ನು ಹೊಗಳುವ ಕಸೀದಾವನ್ನೂ ಸೇರಿಸಿದರು. 1858ರಲ್ಲಿ ಅದು ಆಗ್ರಾದಲ್ಲಿ ಮುನ್ಷಿ ಶಿವನಾರಾಯಣರ ಮುದ್ರಣಾಲಯದಲ್ಲಿ ಅಚ್ಚಾಯಿತು. ಶಿವನಾರಾಯಣರಿಗೂ ಶಿಷ್ಯ ಹರಗೋಪಾಲ ತಫ್ತಾರಿಗೂ ಪತ್ರದ ಮೇಲೆ ಪತ್ರ: ತಪ್ಪಿಲ್ಲದೆ ಅಚ್ಚಾಗಲಿ, ರಟ್ಟು ಅಂದವಾಗಿರಲಿ. ಬೆಲೆಬಾಳುವ ರಟ್ಟಿನ ಪ್ರತಿಗಳು ಇಂಗ್ಲಿಷ್ ಅಧಿಕಾರಿಗಳಿಗೆ ಹೋಗಬೇಕಿತ್ತು, ರಾಣಿಗೂ ಸಲ್ಲಬೇಕಿತ್ತು. ಇದು ಪ್ರಚಾರವೇ ಸರಿ. ಆದರೆ ಇದರ ಹಿಂದೆ ಇದ್ದದ್ದು ಮನೆಯ ಹಸಿವು ಮತ್ತು ಜೀವದ ಭಯ. 1860ರಲ್ಲಿ ಪಿಂಚಣಿ ಮತ್ತೆ ಬಂತು. ಅದು ಈ ಪುಸ್ತಕದಿಂದಲೇ ಬಂತೆನ್ನುವಂತಿಲ್ಲ.

ಅದೇ 1858ರಲ್ಲಿ ಇದೇ ಗೆಳೆಯರು ಗಾಲಿಬರ ಉರ್ದು ಪತ್ರಗಳನ್ನು ಪ್ರಕಟಿಸುವ ಆಸೆ ತೋರಿದರು. ಗಾಲಿಬ್ ಒಪ್ಪಲಿಲ್ಲ. ಗೆಳೆಯರೊಡನೆ ಆಡಿದ ಮಾತು ಬಜಾರಿಗೆ ಹೋಗುವುದು ಅವರಿಗೆ ಬೇಕಿರಲಿಲ್ಲ. ಮುಂದೆ ಮನಸ್ಸು ಬದಲಾಯಿತು. ‘ಊದ್-ಎ-ಹಿಂದಿ’ 1868ರಲ್ಲಿ ಬಂತು. ‘ಉರ್ದೂ-ಎ-ಮುಅಲ್ಲಾ’ 1869ರಲ್ಲಿ ಬರುವ ಹೊತ್ತಿಗೆ ಅವರು ಇರಲಿಲ್ಲ. ಇಂದು ‘ದಸ್ತಂಬೂ’ವನ್ನು ಹುಡುಕುವವರು ಹೆಚ್ಚಾಗಿ ಇತಿಹಾಸಕಾರರು. ಉರ್ದು ಗದ್ಯಕ್ಕೆ ಆಡುಮಾತಿನ ಉಸಿರು ಕೊಟ್ಟ ಪತ್ರಗಳನ್ನು ಜನ ಪ್ರೀತಿಯಿಂದ ಓದುತ್ತಾರೆ.

ಗಾಲಿಬ್ ತೀರಿಕೊಂಡ ವರ್ಷವೇ ಗಳಗನಾಥರು (1869-1942) ಹುಟ್ಟಿದರು. ಮರಾಠಿ ಮೇಲುಗೈಯಾಗಿದ್ದ ಮುಂಬಯಿ ಕರ್ನಾಟಕದಲ್ಲಿ ಕಾದಂಬರಿ ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಆತ್ಮಪ್ರಶಂಸೆ ಎಂದು ಯಾರೂ ಕರೆಯಲಿಲ್ಲ. ಅವರು ಹುಡುಕಿ ಹೋದದ್ದು ಹೊಗಳುವವರನ್ನಲ್ಲ, ಓದುವವರನ್ನು. ಆ ಸುತ್ತಾಟದಲ್ಲಿ ಕನ್ನಡಕ್ಕೇ ಓದುಗರು ಹುಟ್ಟಿಕೊಂಡರು.

ಆದ್ದರಿಂದ ಪುಸ್ತಕವನ್ನು ಜನರ ಬಳಿಗೆ ಒಯ್ಯುವುದರಲ್ಲಿ ನಾಚಿಕೆಯಿಲ್ಲ. ಇಂದಿನ ತೊಡಕು ಬೇರೆ. ಗಳಗನಾಥರ ಗಂಟು ಖಾಲಿಯಾಗುತ್ತಿತ್ತು, ಅವರು ಮನೆಗೆ ಮರಳಿ ಬರೆಯಲು ಕೂರಬಹುದಿತ್ತು. ಮೊಬೈಲಿನ ಗಂಟು ಖಾಲಿಯಾಗುವುದಿಲ್ಲ. ಯಾರ ಬರಹ ಯಾರಿಗೆ ಕಾಣಬೇಕೆಂದು ದೂರದ ಕಂಪೆನಿಯ ಲೆಕ್ಕಾಚಾರ ನಿರ್ಧರಿಸುತ್ತದೆ. ಎಷ್ಟು ಜನ ಮೆಚ್ಚಿದರೆಂಬ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮುಂದಿನ ಸಾಲು ಬರೆಯುವಾಗ ಆ ಅಂಕಿ ಲೇಖಕನ ಪಕ್ಕದಲ್ಲೇ ಬಂದು ಕೂತರೆ, ಬರಹವೇ ಅರ್ಜಿಯಾಗುತ್ತದೆ.

ಗಾಲಿಬ್ ಅರ್ಜಿಯನ್ನೂ ಬರೆದರು, ಗೆಳೆಯರಿಗೆ ಪತ್ರವನ್ನೂ ಬರೆದರು. ಒಂದರ ಭಾಷೆ ಇನ್ನೊಂದಕ್ಕೆ ತಗಲದಂತೆ ನೋಡಿಕೊಂಡರು. ನಮ್ಮ ಕಾಲದ ಲೇಖಕರಿಗೆ ಅಷ್ಟು ಸಾಧ್ಯವಾದರೆ ಸಾಕು.