ಹೋರಾ, ಕೇಂದ್ರ, ಜ್ಯಾ: ಮೂರು ಶಾಸ್ತ್ರಪದಗಳ ಪಯಣ

ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ಶಾಸ್ತ್ರಪದಗಳ ಮಾತು ಬಂದಾಗ ‘ಇದು ತತ್ಸಮ’ ಎಂಬ ಒಂದು ವಾಕ್ಯದಲ್ಲಿ ಚರ್ಚೆ ಮುಗಿದುಬಿಡುವುದುಂಟು. ಕೇಶಿರಾಜನ ಶಬ್ದಮಣಿದರ್ಪಣದ ಮೂಲಕ ನಮಗೆ ಪರಿಚಿತವಾದ ತತ್ಸಮ-ತದ್ಭವ ವಿಭಾಗವು ಪದವೊಂದು ಯಾವ ಬಾಗಿಲಿನಿಂದ ಕನ್ನಡಕ್ಕೆ ಬಂದಿತೆಂಬುದನ್ನು ತಿಳಿಸುತ್ತದೆ. ಅದು ಹುಟ್ಟಿದ ಮನೆ ಯಾವುದೆಂಬುದನ್ನಲ್ಲ. ಖಗೋಳ ಮತ್ತು ಜ್ಯೋತಿಷದ ಪದಗಳಲ್ಲಿ ಈ ವ್ಯತ್ಯಾಸವನ್ನು ಮರೆತರೆ ಇತಿಹಾಸವೇ ತಲೆಕೆಳಗಾಗುತ್ತದೆ.

‘ಹೋರಾ’ ಶಬ್ದವನ್ನೇ ನೋಡೋಣ. ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಉಳಿಯಿತೆಂಬ ವಿವರಣೆ ಇಂದಿಗೂ ಪಾಠಗಳಲ್ಲಿ ಕೇಳಿಬರುತ್ತದೆ. ಇದರ ಆಧಾರ ವರಾಹಮಿಹಿರನ ಬೃಹಜ್ಜಾತಕ. ಆದರೆ ಆರನೆಯ ಶತಮಾನದ ಆ ವಿದ್ವಾಂಸನು ಇದನ್ನು ‘ಕೆಲವರ’ ಅಭಿಪ್ರಾಯವೆಂದಷ್ಟೇ ಹೇಳಿದ್ದಾನೆ. ಆ ಎಚ್ಚರಿಕೆಯನ್ನು ನಮ್ಮವರು ಕೈಬಿಟ್ಟರು. ಪದವು ಗ್ರೀಕಿನ ‘ಹೋರಾ’. ಇಂಗ್ಲಿಷಿನ ‘ಅವರ್’ ಕೂಡ ಲ್ಯಾಟಿನ್ ಮಾರ್ಗವಾಗಿ ಅದರಿಂದಲೇ ಬಂದದ್ದು. ಒಂದೇ ಪದದ ಹೋಲಿಕೆಯಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಆದರೆ ಅದೇ ಗ್ರಂಥದಲ್ಲಿ ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಮಿಥುನಕ್ಕೆ ಜಿತುಮ, ಸಿಂಹಕ್ಕೆ ಲೇಯ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಇವು ಗ್ರೀಕಿನ ಕ್ರಿಯೋಸ್, ತೌರೋಸ್, ದಿದುಮೊಯ್, ಲೆಯೋನ್. ಮುಂದೆ ಈ ಧ್ವನಿರೂಪಗಳು ಮರೆಯಾದವು, ಅವುಗಳ ಅನುವಾದರೂಪಗಳಾದ ಮೇಷ, ವೃಷಭಗಳು ಬಾಳಿದವು.

ವಾರಗಳ ಕ್ರಮವೂ ಹೋರೆಯನ್ನು ಅವಲಂಬಿಸಿದೆ. ನಿಧಾನಗತಿಯ ಗ್ರಹದಿಂದ ಆರಂಭಿಸಿ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರರನ್ನು ದಿನದ 24 ಹೋರೆಗಳಿಗೆ ಸರದಿಯಾಗಿ ಹಂಚಿದರೆ, ಶನಿಯಿಂದ ಮೊದಲಾದ ದಿನದ ಮರುದಿನ, ಅಂದರೆ 25ನೆಯ ಹೋರೆ, ರವಿಯ ಪಾಲಿಗೆ ಬರುತ್ತದೆ. ಅದರ ಮರುದಿನ ಚಂದ್ರನಿಗೆ. ಶನಿವಾರ, ರವಿವಾರ, ಸೋಮವಾರಗಳ ಅನುಕ್ರಮ ಇಷ್ಟೇ. ವೇದಾಂಗ ಜ್ಯೋತಿಷದ ಕಾಲಗಣನೆ ನಡೆಯುವುದು ನಕ್ಷತ್ರ, ತಿಥಿಗಳಿಂದ. ಅಲ್ಲಿ ವಾರದ ಹೆಸರುಗಳಿಲ್ಲ. ಬುಧಗುಪ್ತನ ಕಾಲದ ಏರಣ್ ಶಾಸನದಲ್ಲಿ (ಕ್ರಿ.ಶ. 484) ಗುರುವಾರದ ಉಲ್ಲೇಖವಿದೆ.

‘ಕೇಂದ್ರ’ದ ಕಥೆ ಇನ್ನೂ ಸ್ವಾರಸ್ಯಕರ. ಗ್ರೀಕಿನ ‘ಕೆಂತ್ರೋನ್’ ಎಂದರೆ ಎತ್ತನ್ನು ತಿವಿಯುವ ಮೊನೆ. ಅದರಿಂದ ಕೈವಾರದ ಊರಿದ ಮೊನೆ, ಅದರಿಂದ ವೃತ್ತದ ನಡುಬಿಂದು. ಸಂಸ್ಕೃತ ಜಾತಕಶಾಸ್ತ್ರದಲ್ಲಿ ಅದು 1, 4, 7, 10ನೆಯ ಭಾವಗಳಿಗೆ ಹೆಸರಾಯಿತು. ಕೇಂದ್ರ ಸರ್ಕಾರವೆನ್ನುವಾಗ ನಾವು ನುಡಿಯುವುದು ಆ ಮೊನೆಯ ಹೆಸರನ್ನೇ. 1049ರಲ್ಲಿ ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸುವ ವೇಳೆಗೆ ಇಂತಹ ಪದಗಳು ಸಂಸ್ಕೃತದಲ್ಲಿ ಐದು ಶತಮಾನಕ್ಕೂ ಮಿಕ್ಕಿ ಬಾಳಿದ್ದವು. ಕನ್ನಡಕ್ಕೆ ಅವು ತತ್ಸಮಗಳೇ, ಸಂದೇಹವಿಲ್ಲ. ಸಂಸ್ಕೃತಕ್ಕೆ ಮಾತ್ರ ಎರವಲು.

ಇದನ್ನು ಒಪ್ಪಿದರೆ ನಮ್ಮ ಪರಂಪರೆಗೆ ಕುಂದೆಂದು ಹಿಂಜರಿಯುವವರಿದ್ದಾರೆ. ವರಾಹಮಿಹಿರನಿಗೆ ಆ ಹಿಂಜರಿಕೆ ಇರಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಋಷಿಗಳಂತೆ ಪೂಜ್ಯರೆಂಬ ಮಾತು ಬೃಹತ್ಸಂಹಿತೆಯಲ್ಲಿಯೇ ಇದೆ.

ಕೊಡುಗೆಯ ದಾರಿ ಹಿಂದಿರುಗಿದ್ದೂ ಉಂಟು. ಭಾರತೀಯ ಗಣಿತಜ್ಞರು ವೃತ್ತಖಂಡವನ್ನು ಬಿಲ್ಲಾಗಿ ಕಂಡರು: ಕಂಸವು ಚಾಪ, ಅದರ ತುದಿಗಳನ್ನು ಕೂಡಿಸುವ ರೇಖೆ ಜ್ಯಾ, ಅಂದರೆ ಹೆದೆ, ನಡುವಿನ ಎತ್ತರ ಶರ. ಆರ್ಯಭಟನು ಬಳಸಿದ್ದು ಅರ್ಧಜ್ಯಾ. ಬಳಕೆಯಲ್ಲಿ ಅದು ಜ್ಯಾ, ಜೀವಾ ಎಂದೇ ನಿಂತಿತು. ಅರಬ್ಬೀ ವಿದ್ವಾಂಸರು ಶರವನ್ನು ‘ಸಹ್ಮ್’, ಅಂದರೆ ಬಾಣ, ಎಂದು ಅನುವಾದಿಸಿದರು. ಲ್ಯಾಟಿನ್ನಿನಲ್ಲಿ ಅದು ಬಾಣವೆಂಬರ್ಥದ ‘ಸಜಿತ್ತಾ’ ಆಯಿತು. ಜೀವಾ ಶಬ್ದವನ್ನು ಮಾತ್ರ ಅನುವಾದಿಸದೆ ‘ಜೀಬಾ’ ಎಂದು ಧ್ವನಿಯಲ್ಲಿಯೇ ಉಳಿಸಿಕೊಂಡರು. ಹ್ರಸ್ವಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಜ-ಬ ವ್ಯಂಜನಗಳಷ್ಟೇ ನಿಂತು, ಓದುವವರು ತಮಗೆ ಪರಿಚಿತವಾದ ‘ಜಯ್ಬ್’ ಎಂದು ಓದಿದರು. ಅದರ ಅರ್ಥ ಉಡುಪಿನ ಎದೆಯ ಭಾಗ, ಮಡಿಕೆ. 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ಆ ಅರ್ಥವನ್ನೇ ಹಿಡಿದು ‘ಸೈನಸ್’ ಎಂದರು. ಇಂದಿನ ‘ಸೈನ್’ ಅದರ ರೂಪ.

ಅದೇ ‘ಜಯ್ಬ್’ ಪಾರಸಿ, ಹಿಂದೂಸ್ತಾನಿಗಳ ಮೂಲಕ ಕನ್ನಡಕ್ಕೂ ಬಂದಿದೆ, ‘ಜೇಬು’ ಎಂದು. ಗಣಿತದ ತರಗತಿಯಲ್ಲಿ ಸೈನ್ ಕೋಷ್ಟಕ ಬಿಡಿಸುವ ವಿದ್ಯಾರ್ಥಿಯ ಅಂಗಿಯಲ್ಲಿ ಅದು ಇದ್ದೇ ಇರುತ್ತದೆ.